ಗಾಡಿ ಅಡಿಯಲ್ಲಿ ಎಣ್ಣೆ, ಕಾಲಡಿಯಲ್ಲಿ ಮೊಂಡು ಗೇರು

ಇಂಜಿನ್ ಬಿಚ್ಚಿಸುವ ಮುಂಚೆ ಹಳೆ ಪೇಪರು, ಒಂದು ಬ್ರಷ್ಷು, ಒಂದು ಡಬ್ಬಿ ಪೌಡರು ಸಾಕು!

ಕೋಲಾರ ಜಿಲ್ಲೆಗೆ ಬೆಳಗಾಗುವುದೇ ಕಿಕ್ಕರ್ ಒದೆಯುವ ಸದ್ದಿನಲ್ಲಿ. ಹಾಲಿನ ಕ್ಯಾನು ಎರಡೂ ಕಡೆ ನೇತುಹಾಕಿಕೊಂಡು ಡೇರಿಗೆ ಹೊರಟವನೊಬ್ಬ. ಟೊಮ್ಯಾಟೊ ಬಾಕ್ಸು ಪೇರಿಸಿಕೊಂಡು ಕೋಲಾರದ ಎಪಿಎಂಸಿ ಕಡೆ ತಿರುಗಿದವನೊಬ್ಬ. ಮಾಲೂರಿನಲ್ಲಿ ಸ್ಟೇಷನ್ ಹತ್ತಿರ ಗಾಡಿ ನಿಲ್ಲಿಸಿ ಬೆಂಗಳೂರು ರೈಲಿಗೆ ಓಡುವವರು, ಮುಳಬಾಗಿಲಿನಲ್ಲಿ ಹೆದ್ದಾರಿ ಬಳಿ ಗಾಡಿ ನಿಲ್ಲಿಸಿ ಬಸ್ಸಿಗೆ ಕೈ ಅಡ್ಡ ಹಾಕುವವರು, ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ ಬಂತೆಂದರೆ ತೋಪಿಗೂ ಮಂಡಿಗೂ ದಿನಕ್ಕೆ ಆರು ಸಲ ಓಡಾಡುವವರು. ಎಲ್ಲರ ಕೆಳಗೂ ಒಂದೊಂದು ಮೋಟಾರು ಸೈಕಲ್ಲು.

ಆ ಮೋಟಾರು ಸೈಕಲ್ಲು ಒಂದು ದಿನ ಎರಡು ಚೇಷ್ಟೆ ಶುರು ಮಾಡುತ್ತದೆ. ಒಂದು, ನಿಲ್ಲಿಸಿದ ಜಾಗದಲ್ಲಿ ಕಾಸಗಲದ ಕಪ್ಪು ಕಲೆ. ಇನ್ನೊಂದು, ಗೇರು ಹಾಕಲು ಹೋದರೆ 'ಟಕ್' ಎನ್ನುವ ಬದಲು 'ಧಡ್' ಎನ್ನುವುದು, ಇಲ್ಲವೇ ಬೀಳುವುದೇ ಇಲ್ಲ. ಸಿಗ್ನಲ್ಲಿನಲ್ಲಿ ನಿಂತು ನ್ಯೂಟ್ರಲ್ ಹುಡುಕುವುದು ಕತ್ತಲಲ್ಲಿ ಸೂಜಿ ಹುಡುಕಿದ ಹಾಗೆ.

ಆಗ ಎಲ್ಲರೂ ಮಾಡುವುದು ಒಂದೇ ಕೆಲಸ. ಗಾಡಿ ತಳ್ಳಿಕೊಂಡು ಷೆಡ್ಡಿಗೆ ಹೋಗುವುದು.

"ಅಣ್ಣಾ, ಗೇರ್ ಬೀಳ್ತಾ ಇಲ್ಲ. ಕೆಳಗಡೆ ಆಯಿಲ್ ಬೇರೆ ಸೋರ್ತಾ ಐತೆ."

"ಬಿಟ್ಟು ಹೋಗಿ ಯಜಮಾನ್ರೇ. ಇಂಜಿನ್ ಬಿಚ್ಚಿ ನೋಡ್ಬೇಕು."

ಈ ಎರಡು ಮಾತಿನ ನಡುವೆ ಸಾವಿರಗಟ್ಟಲೆ ರೂಪಾಯಿ ಕೈ ಬದಲಾಗುತ್ತದೆ. ಹಾಲಿನವನಿಗೆ ಮೂರು ದಿನದ ವ್ಯಾಪಾರ ಹೋಗುತ್ತದೆ. ಅಂಗಡಿಯವನ ಡೆಲಿವರಿ ಹುಡುಗ ಕೈಕಟ್ಟಿ ಕೂರುತ್ತಾನೆ. ಎಷ್ಟೋ ಸಲ ಇಂಜಿನ್ ಬಿಚ್ಚುವ ಕಾರಣವೇ ಇರುವುದಿಲ್ಲ. ಹೆಬ್ಬೆರಳಿನ ಉಂಗುರದಷ್ಟು ದೊಡ್ಡ ರಬ್ಬರ್ ಸೀಲು ಹೋಗಿರುತ್ತದೆ, ಇಲ್ಲವೇ ಕ್ಲಚ್ ಕೇಬಲ್ಲು ಜೋತುಬಿದ್ದಿರುತ್ತದೆ. ಎಲ್ಲಾ ಮೆಕ್ಯಾನಿಕ್ಕರೂ ಮೋಸಗಾರರು ಎಂದಲ್ಲ. ಒಳ್ಳೆಯ ಮೆಕ್ಯಾನಿಕ್ಕನೂ ರೋಗಿ ಬಾಯಿ ಬಿಡದಿದ್ದರೆ ಏನು ಮಾಡಿಯಾನು? ಗಾಡಿ ಮಾತಾಡುವುದಿಲ್ಲ. ಅದರ ಪರವಾಗಿ ಮಾಲೀಕನೇ ನಾಲ್ಕು ಮಾತು ಸರಿಯಾಗಿ ಹೇಳಬೇಕು.

ಜಾವಾ ಕಾಲದ ಎಣ್ಣೆ ಬೇರೆ, ಈ ಕಾಲದ ಎಣ್ಣೆ ಬೇರೆ

ಮೋಟಾರು ಸೈಕಲ್ಲು ಈ ಸೀಮೆಗೆ ಹೊರಗಿನದ್ದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಆಮೇಲೆ ಯೆಜ್ಡಿ ಗಾಡಿಗಳನ್ನು ಮಾಡಿತು. ಮಾಲೂರಿನ ಪಕ್ಕದ ಹೊಸೂರಿನಿಂದ 1980ರಲ್ಲಿ ಟಿವಿಎಸ್ 50 ಬಂತು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದು ನಾಲ್ಕು ಸ್ಟ್ರೋಕಿನ ರುಚಿ ಹತ್ತಿಸಿತು. 2013ರಲ್ಲಂತೂ ಕೋಲಾರದ ನರಸಾಪುರದಲ್ಲೇ ಹೋಂಡಾ ಕಂಪನಿ ದೇಶದಲ್ಲಿನ ತನ್ನ ಮೂರನೇ ದ್ವಿಚಕ್ರ ಕಾರ್ಖಾನೆ ತೆರೆಯಿತು. ಗಾಡಿ ಹುಟ್ಟುವ ಜಿಲ್ಲೆಯಲ್ಲೇ ಗಾಡಿಯ ಕಾಯಿಲೆ ತಿಳಿಯದಿದ್ದರೆ ಹೇಗೆ?

ಹಳಬರ ತಿಳಿವಳಿಕೆಯಲ್ಲಿ ಒಂದು ತೊಡಕೂ ಉಂಟು. ಯೆಜ್ಡಿಯಂಥ ಎರಡು ಸ್ಟ್ರೋಕಿನ ಗಾಡಿಯಲ್ಲಿ ಇಂಜಿನ್ನಿಗೆ ಬೇಕಾದ ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸುತ್ತಿದ್ದರು. ಅದು ಉರಿದು ಹೊಗೆಯಾಗಿ ಹೋಗುತ್ತಿತ್ತು. ಗೇರ್ ಬಾಕ್ಸಿನ ಎಣ್ಣೆ ಬೇರೆ. ಕೆಳಗೆ ತೊಟ್ಟಿಕ್ಕಿದರೆ ಅದು ಗೇರ್ ಬಾಕ್ಸಿನದ್ದೇ ಎಂದು ಕಣ್ಣು ಮುಚ್ಚಿ ಹೇಳಬಹುದಿತ್ತು. ಯೆಜ್ಡಿಯ ಕಿಕ್ಕರ್ ರಾಡನ್ನೇ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್ ರಾಡಾಗುತ್ತಿತ್ತು. ಹಳೆ ಬುಲೆಟ್ಟಿನದು ಇನ್ನೂ ದೊಡ್ಡ ಸಂಸಾರ. ಇಂಜಿನ್ನಿಗೊಂದು ಎಣ್ಣೆ, ಕ್ಲಚ್ ಚೈನಿನ ಡಬ್ಬಿಗೊಂದು, ಗೇರ್ ಬಾಕ್ಸಿಗೊಂದು. "ಬುಲೆಟ್ಟು ಅಂದ್ಮೇಲೆ ಸೋರಲೇಬೇಕು" ಎಂಬ ಗಾದೆಯೇ ಷೆಡ್ಡುಗಳಲ್ಲಿ ಹುಟ್ಟಿಕೊಂಡಿತ್ತು.

ಇವತ್ತು ರಸ್ತೆಯಲ್ಲಿರುವ ನೂರು, ನೂರಿಪ್ಪತ್ತೈದು, ನೂರೈವತ್ತು ಸಿ.ಸಿ. ಗಾಡಿಗಳ ಮನೆಯಲ್ಲಿ ಒಂದೇ ಒಲೆ, ಒಂದೇ ಪಾತ್ರೆ. ಇಂಜಿನ್ನು, ಕ್ಲಚ್ಚು, ಗೇರು ಮೂವರೂ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತಾರೆ. ಅದೂ ಎಷ್ಟು? ಬಹುಪಾಲು ಗಾಡಿಗಳಿಗೆ ಒಂದು ಲೀಟರಿನ ಆಸುಪಾಸು. ಅದರಲ್ಲಿ ಅರ್ಧ ಸೋರಿದರೆ ಮೂವರಿಗೂ ಉಪವಾಸ. ಹಾಗಾಗಿ ಎಣ್ಣೆ ಸೋರುವುದು, ಗೇರು ಮೊಂಡಾಗುವುದು ಎರಡು ಬೇರೆ ಬೇರೆ ಕಾಯಿಲೆಯಂತೆ ಕಂಡರೂ ಎಷ್ಟೋ ಸಲ ಒಂದೇ ಮನೆಯ ಅಣ್ಣತಮ್ಮಂದಿರು.

ಮೊದಲು ಕೇಳಬೇಕಾದ್ದು: ಇದು ಯಾವ ಎಣ್ಣೆ?

ಕೆಳಗೆ ಬಿದ್ದದ್ದೆಲ್ಲ ಇಂಜಿನ್ ಆಯಿಲ್ಲಲ್ಲ. ರಾತ್ರಿ ಗಾಡಿಯನ್ನು ಸಮನೆಲದ ಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಕೆಳಗೆ ಹಳೆ ಪೇಪರ್ ಹಾಸಿ. ಬೆಳಗ್ಗೆ ಪೇಪರ್ ನೋಡಿ. ಮುಂದಿನ ಚಕ್ರದ ಹತ್ತಿರ ಕಲೆ ಇದ್ದು, ಫೋರ್ಕಿನ ಹೊಳೆಯುವ ಕೊಳವೆಗೆ ಎಣ್ಣೆ ಬಳಿದುಕೊಂಡಿದ್ದರೆ ಅದು ಫೋರ್ಕ್ ಆಯಿಲ್ಲು. ಇಂಜಿನ್ನಿಗೆ ಸಂಬಂಧವೇ ಇಲ್ಲ. ಪೇಪರ್ ಒದ್ದೆಯಾಗಿ, ವಾಸನೆ ಹೊಡೆದು, ಸ್ವಲ್ಪ ಹೊತ್ತಿಗೆ ಆರಿಹೋದರೆ ಅದು ಪೆಟ್ರೋಲು. ಹತ್ತಿರ ಬೀಡಿ ಹಚ್ಚಬೇಡಿ, ಮೊದಲು ಪೆಟ್ರೋಲ್ ಪೈಪು ನೋಡಿಸಿ. ಹಿಂದಿನ ಚಕ್ರದ ರಿಮ್ಮಿನ ಮೇಲೆ ಕಪ್ಪು ಚುಕ್ಕಿ ಸಿಡಿದಿದ್ದರೆ ಚೈನಿಗೆ ಧಾರಾಳವಾಗಿ ಸುರಿದ ಎಣ್ಣೆಯದೇ ಕಿತಾಪತಿ. ನಡುಮಧ್ಯೆ ಕಂದು ಇಲ್ಲವೇ ಕಪ್ಪು ಬಣ್ಣದ, ಬೆರಳಿಗೆ ಜಾರುವ, ಆರದ ಕಲೆ ಇದ್ದರೆ ಮಾತ್ರ ಅದು ಇಂಜಿನ್ ಆಯಿಲ್ಲು.

ಇನ್ನೊಂದು ಮೋಸದ ಕಲೆಯಿದೆ. ಏರ್ ಫಿಲ್ಟರ್ ಡಬ್ಬಿಯ ಕೆಳಗೆ ನೇತಾಡುವ ಸಣ್ಣ ಪೈಪಿನ ತುದಿಯಿಂದ ತೊಟ್ಟಿಕ್ಕುವುದು. ಇಂಜಿನ್ನಿನ ಒಳಗಿನ ಆವಿ ಬ್ರೀದರ್ ಪೈಪಿನ ಮೂಲಕ ಈ ಡಬ್ಬಿಗೆ ಬರುತ್ತದೆ. "ಇನ್ನೊಂದು ಸ್ವಲ್ಪ ಇರಲಿ ಬಿಡು" ಎಂದು ಅಳತೆ ಮೀರಿ ಆಯಿಲ್ ಹಾಕಿಸಿದರೆ ಹೆಚ್ಚಾದದ್ದು ಈ ದಾರಿಯಲ್ಲೇ ಹೊರಗೆ ಬರುತ್ತದೆ. ಇದಕ್ಕೆ ಯಾವ ಸೀಲನ್ನೂ ಬದಲಿಸುವ ಅಗತ್ಯವಿಲ್ಲ, ಹೆಚ್ಚಾದ ಎಣ್ಣೆ ಇಳಿಸಿದರೆ ಆಯ್ತು.

ಆಯಿಲ್ ಅಳೆಯುವುದಕ್ಕೂ ಕ್ರಮವಿದೆ. ಗಾಡಿಯನ್ನು ನಾಲ್ಕೈದು ನಿಮಿಷ ಓಡಿಸಿ, ಆಫ್ ಮಾಡಿ, ಸೆಂಟರ್ ಸ್ಟ್ಯಾಂಡ್ ಹಾಕಿ ಎರಡು ಮೂರು ನಿಮಿಷ ಕಾಯಬೇಕು. ಅಳತೆ ಕಡ್ಡಿಯನ್ನು ಒರೆಸಿ ಇಳಿಬಿಟ್ಟು ನೋಡಬೇಕು. ಹೀರೋ, ಹೋಂಡಾ ಗಾಡಿಗಳಲ್ಲಿ ಬಹುಪಾಲು ಕಡ್ಡಿಯನ್ನು ತಿರುಪಿ ಬಿಗಿಸದೆ ಸುಮ್ಮನೆ ಇಟ್ಟು ನೋಡುವುದು. ಎಣ್ಣೆ ಎರಡು ಗೆರೆಗಳ ನಡುವೆ ಇದ್ದರೆ ಸರಿ. ಸೈಡ್ ಸ್ಟ್ಯಾಂಡಿನಲ್ಲಿ ಒರಗಿಸಿ ಅಳೆದರೆ ಅಳತೆ ಸುಳ್ಳು ಹೇಳುತ್ತದೆ.

ಕಡ್ಡಿಗೆ ಹತ್ತಿದ ಎಣ್ಣೆ ಹಾಲು ಹೆಚ್ಚಾದ ಕಾಫಿ ಬಣ್ಣಕ್ಕಿದ್ದರೆ ಒಳಗೆ ನೀರು ಸೇರಿದೆ. ಕೆಳಗೆ ಒಂದು ತೊಟ್ಟೂ ಬೀಳದೆ ತಿಂಗಳು ತಿಂಗಳು ಮಟ್ಟ ಇಳಿಯುತ್ತಿದ್ದು, ಸೈಲೆನ್ಸರಿನಲ್ಲಿ ನೀಲಿ ಹೊಗೆ ಕಂಡರೆ ಇಂಜಿನ್ನೇ ಎಣ್ಣೆ ಕುಡಿಯುತ್ತಿದೆ. ಅದು ಪಿಸ್ಟನ್ ರಿಂಗು, ವಾಲ್ವ್ ಸೀಲಿನ ಕತೆ, ಸೋರಿಕೆಯಲ್ಲ.

ಪೌಡರ್ ಹಾಕಿದರೆ ಕಳ್ಳ ಸಿಗ್ತಾನೆ

ಎಣ್ಣೆ ಸೋರುವ ಜಾಗ ಒಂದು, ತೊಟ್ಟಿಕ್ಕುವ ಜಾಗ ಇನ್ನೊಂದು. ಮೇಲಿನ ಹೆಡ್ ಕವರಿನಲ್ಲಿ ಸೋರಿದ ಎಣ್ಣೆ ಫಿನ್ನುಗಳ ಸಂದಿಯಲ್ಲಿ ಇಳಿದು, ಓಡುವಾಗ ಗಾಳಿಗೆ ಹಿಂದಕ್ಕೆ ತಳ್ಳಿಸಿಕೊಂಡು, ಕೊನೆಗೆ ಡ್ರೈನ್ ಬೋಲ್ಟಿನ ತುದಿಯಲ್ಲಿ ಹನಿಯಾಗಿ ನಿಲ್ಲುತ್ತದೆ. ನೋಡಿದವನು "ಡ್ರೈನ್ ಬೋಲ್ಟ್ ಲೂಸು" ಎಂದು ಪಾನಾ ಹಾಕಿ ಇನ್ನೊಂದು ಸುತ್ತು ಬಿಗಿಯುತ್ತಾನೆ. ಕೆಳಗಿನ ಕೇಸು ಅಲ್ಯೂಮಿನಿಯಮ್ಮು. ಮರೆ ಕಿತ್ತುಕೊಂಡು ಬರುತ್ತದೆ. ಇಲ್ಲದ ರೋಗಕ್ಕೆ ಮದ್ದು ಮಾಡಿ ಹೊಸ ರೋಗ ತಂದುಕೊಂಡ ಹಾಗಾಯಿತು.

ಸರಿಯಾದ ದಾರಿ ಸುಲಭ. ಇಂಜಿನ್ ತಣ್ಣಗಿರುವಾಗ ಸ್ವಲ್ಪ ಡೀಸೆಲ್ ಮತ್ತು ಹಳೆ ಬ್ರಷ್ಷಿನಿಂದ ಇಂಜಿನ್ನಿನ ಜಿಡ್ಡು, ಅದರ ಮೇಲೆ ಕೂತ ಕೆಂಪು ಧೂಳಿನ ಪದರ ಎಲ್ಲಾ ತೆಗೆಯಿರಿ. ಮಾಲೂರಿನ ಇಟ್ಟಿಗೆ ಗೂಡುಗಳ ರಸ್ತೆಯಲ್ಲಿ ಓಡುವ ಗಾಡಿಗೆ ಇದೇ ಅರ್ಧ ಗಂಟೆ ಕೆಲಸ. ಪೆಟ್ರೋಲಿನಲ್ಲಿ ತೊಳೆಯಬೇಡಿ, ಬೆಂಕಿಯ ಸಹವಾಸ ಬೇಡ. ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಿಸಿ. ಆಮೇಲೆ ಅನುಮಾನ ಇರುವ ಕಡೆಯೆಲ್ಲ ಮುಖಕ್ಕೆ ಹಾಕುವ ಪೌಡರನ್ನು ತೆಳ್ಳಗೆ ಉದುರಿಸಿ. ನಾಲ್ಕೈದು ಕಿಲೋಮೀಟರು ನಿಧಾನವಾಗಿ ಓಡಿಸಿ ಬನ್ನಿ. ಬಿಳಿ ಪೌಡರಿನ ಮೇಲೆ ಒದ್ದೆ ಗೆರೆ ಎಲ್ಲಿಂದ ಶುರುವಾಗಿದೆ? ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಒದ್ದೆಯಾದ ಜಾಗವೇ ಸೋರುವ ಜಾಗ. ಕೆಳಗಿನದೆಲ್ಲ ಅದರ ಹೊಳೆ.

ಎಡಗಡೆಯೋ, ಬಲಗಡೆಯೋ?

ಈಗಿನ ಸಾಮಾನ್ಯ ಗಾಡಿಗಳಲ್ಲಿ ಎಡಕ್ಕೆ ಗೇರ್ ರಾಡು, ಮ್ಯಾಗ್ನೆಟ್ಟು, ಚೈನಿನ ಮುಂದಿನ ಸ್ಪ್ರಾಕೆಟ್ಟು. ಬಲಕ್ಕೆ ಕ್ಲಚ್ ಕವರು, ಕಿಕ್ಕರ್ ರಾಡು. ಇಷ್ಟು ನೆನಪಿದ್ದರೆ ಅರ್ಧ ಕೆಲಸ ಮುಗಿಯಿತು.

ಎಡಗಡೆ ಗೇರ್ ರಾಡು ಒಳಗೆ ಹೋಗುವ ಕಡ್ಡಿಯ ಸುತ್ತ ಒದ್ದೆಯಾದರೆ ಗೇರ್ ಶಾಫ್ಟ್ ಸೀಲು. ಮುಂದಿನ ಸ್ಪ್ರಾಕೆಟ್ಟಿನ ಹಿಂದೆ ಒದ್ದೆಯಾದರೆ ಆ ಶಾಫ್ಟಿನ ಸೀಲು, ಇಲ್ಲವೇ ಅಲ್ಲೇ ಹತ್ತಿರದ ನ್ಯೂಟ್ರಲ್ ಸ್ವಿಚ್ಚಿನ ರಬ್ಬರು. ಮ್ಯಾಗ್ನೆಟ್ ಕವರಿನ ಅಡಿಯಿಂದ ಇಳಿದರೆ ಕವರಿನ ಪ್ಯಾಕಿಂಗು ಅಥವಾ ಕ್ರ್ಯಾಂಕ್ ಸೀಲು. ಬಲಗಡೆ ಕಿಕ್ಕರ್ ರಾಡಿನ ಬುಡದಲ್ಲಿ ಒದ್ದೆಯಾದರೆ ಕಿಕ್ ಶಾಫ್ಟ್ ಸೀಲು. ಕವರಿನ ಅಂಚಿನುದ್ದಕ್ಕೂ ಆದರೆ ಕ್ಲಚ್ ಕವರಿನ ಪ್ಯಾಕಿಂಗು. ಮೇಲೆ ಟ್ಯಾಪೆಟ್ ಮುಚ್ಚಳದ ಸುತ್ತ ಆದರೆ ಒಂದು ಓ-ರಿಂಗು, ಅಷ್ಟೆ. ಡ್ರೈನ್ ಬೋಲ್ಟಿನಲ್ಲೇ ನಿಜವಾಗಿ ಆದರೆ ಅದರ ವಾಷರು. ಆಯಿಲ್ ಬದಲಿಸಿದಾಗ ಹೊಸ ವಾಷರ್ ಹಾಕಬೇಕೆಂಬುದನ್ನು ಷೆಡ್ಡಿನಲ್ಲಿ ಬಹಳ ಜನ ಮರೆಯುತ್ತಾರೆ.

ಇವುಗಳಲ್ಲಿ ಹೆಚ್ಚಿನವಕ್ಕೆ ಇಂಜಿನ್ನನ್ನು ಗಾಡಿಯಿಂದ ಇಳಿಸಬೇಕಾಗಿಲ್ಲ. ಗೇರ್ ಶಾಫ್ಟು, ಸ್ಪ್ರಾಕೆಟ್ ಶಾಫ್ಟು, ಕಿಕ್ಕರ್ ಸೀಲುಗಳನ್ನು ಬಹುತೇಕ ಗಾಡಿಗಳಲ್ಲಿ ಹೊರಗಿನಿಂದಲೇ, ಇಲ್ಲವೇ ಒಂದು ಪಕ್ಕದ ಕವರು ಬಿಚ್ಚಿ ಬದಲಿಸಬಹುದು. ಬ್ಲಾಕಿನ ಬುಡದ ಪ್ಯಾಕಿಂಗು ಹೋಗಿದ್ದರೆ ಮಾತ್ರ ಹೆಡ್ಡು, ಬ್ಲಾಕು ಕಳಚುವ ದೊಡ್ಡ ಕೆಲಸ.

ಒಂದು ಎಚ್ಚರಿಕೆ. ಒಂದು ಸೀಲು ಹಾಕಿಸಿದ ತಿಂಗಳಿಗೆ ಇನ್ನೊಂದು, ಅದಾದ ಮೇಲೆ ಮತ್ತೊಂದು ಹೀಗೆ ಸೋರುತ್ತಾ ಹೋದರೆ ಸೀಲಿನ ತಪ್ಪಲ್ಲ. ಬ್ರೀದರ್ ಪೈಪು ಕೆಸರಿನಿಂದ ಕಟ್ಟಿರಬಹುದು, ಮಡಚಿಕೊಂಡಿರಬಹುದು. ಇಲ್ಲವೇ ರಿಂಗು ಸವೆದು ಇಂಜಿನ್ನಿನ ಒಳಗೆ ಒತ್ತಡ ಹೆಚ್ಚಾಗಿರಬಹುದು. ಒಳಗಿನ ಉಸಿರಿಗೆ ದಾರಿಯಿಲ್ಲದೆ ಎಲ್ಲಿ ಬಡಕಲು ಸೀಲು ಸಿಕ್ಕಿತೋ ಅಲ್ಲಿ ಎಣ್ಣೆಯನ್ನು ಹೊರಗೆ ದೂಡುತ್ತದೆ. ಪೈಪು ನೋಡುವುದಕ್ಕೆ ಕಾಸು ಬೇಡ, ಕಣ್ಣು ಸಾಕು.

ಗಮ್ಮಿನ ಪೇಸ್ಟು ಮೆತ್ತುವ ಚಾಳಿಯೂ ಕೆಟ್ಟದ್ದು. ಹೊರಗಿಂದ ಮೆತ್ತಿದ್ದು ನಾಲ್ಕು ದಿನ ತಡೆಯುತ್ತದೆ. ಕವರಿನ ಒಳಗೆ ಧಾರಾಳವಾಗಿ ಮೆತ್ತಿದರೆ ಹೆಚ್ಚಾದದ್ದು ಹಿಂಡಿಕೊಂಡು ಒಳಗೆ ಬಿದ್ದು, ಎಣ್ಣೆ ಸೋಸುವ ಜಾಲರಿಗೆ ಅಡ್ಡ ಕೂತರೆ ಇಂಜಿನ್ನಿನ ಗಂಟಲು ಹಿಸುಕಿದ ಹಾಗೆ.

ಗೇರು ಮೊಂಡು ಹಿಡಿದರೆ

ಈಗ ಕಾಲಿನ ವಿಚಾರ. ಗೇರು ಬೀಳದಿದ್ದರೆ ಮೊದಲು ಗೇರ್ ಬಾಕ್ಸನ್ನು ಬೈಯಬೇಡಿ. ಕೈ ನೋಡಿ. ಎಡಗೈಯ ಕ್ಲಚ್ ಹಿಡಿ ಸುಮ್ಮನೆ ಎಷ್ಟು ಅಲ್ಲಾಡುತ್ತದೆ? ತುದಿಯಲ್ಲಿ ಒಂದರಿಂದ ಎರಡು ಸೆಂಟಿಮೀಟರ್ ಸಡಿಲ ಇರಬೇಕು. ಅದಕ್ಕಿಂತ ಹೆಚ್ಚು ಸಡಿಲವಿದ್ದರೆ ಹಿಡಿ ಪೂರ್ತಿ ಒತ್ತಿದರೂ ಕ್ಲಚ್ಚು ಪೂರ್ತಿ ಬಿಡುವುದಿಲ್ಲ. ಇಂಜಿನ್ನು ಗೇರನ್ನು ಎಳೆದೇ ಇರುತ್ತದೆ, ಗೇರು ಬೀಳುವುದಿಲ್ಲ. ಕೇಬಲ್ಲಿನ ಅಡ್ಜಸ್ಟರ್ ತಿರುಗಿಸಿದರೆ ಮುಗಿಯಿತು. ಸಡಿಲವೇ ಇಲ್ಲದಿದ್ದರೆ ಅದರ ಉಲ್ಟಾ. ಆಗ ಕ್ಲಚ್ ಜಾರುತ್ತದೆ, ಇಂಜಿನ್ ಕೂಗುತ್ತದೆ, ಗಾಡಿ ಓಡುವುದಿಲ್ಲ. ಕೇಬಲ್ಲು ಒಣಗಿ, ತುದಿಯಲ್ಲಿ ಎಳೆ ಕಿತ್ತಿದ್ದರೆ ಕೇಬಲ್ಲೇ ಬದಲಿಸಿ. ದಾರಿಮಧ್ಯೆ ತುಂಡಾಗುವ ತನಕ ಕಾಯಬೇಡಿ.

ಕೇಬಲ್ಲು ಸರಿಯಿದೆ, ಆದರೂ ಗೇರು ಮೊಂಡು. ಈಗ ಎರಡು ಪರೀಕ್ಷೆ.

ಮೊದಲನೆಯದು ಇಂಜಿನ್ ಆಫ್ ಮಾಡಿ. ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರದ ಟೈರನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತಾ, ಬೆರಳನ್ನು ಚೈನು, ಕಡ್ಡಿಗಳಿಂದ ದೂರವಿಟ್ಟು, ಒಂದೊಂದೇ ಗೇರು ಹಾಕಿ ನೋಡಿ. ಚಕ್ರ ತಿರುಗಿಸದೆ ಹಾಕಿದರೆ ಹಲ್ಲಿಗೆ ಹಲ್ಲು ಎದುರಾಗಿ ಗೇರು ಬೀಳದೇ ಇರುವುದು ಸಹಜ, ಅದು ರೋಗವಲ್ಲ. ತಿರುಗಿಸುವಾಗ ಎಲ್ಲಾ ಗೇರೂ ಸಲೀಸಾಗಿ ಬಿದ್ದರೆ ಗೇರ್ ಬಾಕ್ಸಿನ ಮೇಲಿನ ಅನುಮಾನ ಬಹುಮಟ್ಟಿಗೆ ಹೋಯಿತು. ತಪ್ಪು ಕ್ಲಚ್ಚಿನ ಕಡೆ.

ಎರಡನೆಯದು ಇಂಜಿನ್ ಆನ್ ಮಾಡಿ. ಸಮನೆಲದಲ್ಲಿ, ಎದುರಿಗೆ ಯಾರೂ ಇಲ್ಲದ ಕಡೆ ಗಾಡಿ ಮೇಲೆ ಕೂತು, ಮುಂದಿನ ಬ್ರೇಕ್ ಹಿಡಿದು, ಕ್ಲಚ್ ಪೂರ್ತಿ ಒತ್ತಿ ಮೊದಲ ಗೇರ್ ಹಾಕಿ. ಕ್ಲಚ್ ಒತ್ತಿದ್ದರೂ ಗಾಡಿ ಮುಂದಕ್ಕೆ ಜಗ್ಗಿದರೆ, ಇಲ್ಲವೇ ಇಂಜಿನ್ ಸತ್ತರೆ, ಕ್ಲಚ್ ಪ್ಲೇಟುಗಳು ಬಿಡುತ್ತಿಲ್ಲ. ನ್ಯೂಟ್ರಲ್ಲು ಇಂಜಿನ್ ಆಫ್ ಇದ್ದಾಗ ಸುಲಭಕ್ಕೆ ಸಿಕ್ಕಿ, ಆನ್ ಇದ್ದಾಗ ಸಿಗದಿದ್ದರೂ ಇದೇ ಅರ್ಥ. ಪ್ಲೇಟು ಬಾಗಿರಬಹುದು, ಹಳೆ ಎಣ್ಣೆಯಲ್ಲಿ ಒಂದಕ್ಕೊಂದು ಅಂಟಿರಬಹುದು, ಪ್ಲೇಟು ಕೂರುವ ಬುಟ್ಟಿಯ ಗೋಡೆಯಲ್ಲಿ ಕಚ್ಚು ಬಿದ್ದಿರಬಹುದು. ಬಲಗಡೆ ಕವರು ಬಿಚ್ಚಿದರೆ ಕ್ಲಚ್ಚು ಕೈಗೆ ಸಿಗುತ್ತದೆ. ಇದಕ್ಕೂ ಇಂಜಿನ್ ಇಳಿಸಬೇಕಿಲ್ಲ. ಚಳಿಗಾಲದ ಬೆಳಗ್ಗೆ ಮೊದಲ ಗೇರಿಗೆ ಒಂದು ಸಲ 'ಧಡ್' ಎಂದು ಸುಮ್ಮನಾದರೆ ತಣ್ಣನೆ ಎಣ್ಣೆಯ ಅಂಟು ಅಷ್ಟೆ, ಅದಕ್ಕೆ ಹೆದರಬೇಡಿ. ಐಡ್ಲಿಂಗ್ ಜಾಸ್ತಿ ಇಟ್ಟಿದ್ದರೂ ಇದೇ ಸದ್ದು.

ಚಕ್ರ ತಿರುಗಿಸುತ್ತಾ ಹಾಕಿದರೂ ಗೇರು ಬೀಳದಿದ್ದರೆ ರಾಡಿನ ಕಡೆ ನೋಡಿ. ಗೇರ್ ರಾಡು ಬಿದ್ದು ಬಾಗಿ ಕವರಿಗೆ ತಾಗುತ್ತಿದೆಯೇ? ರಾಡಿನ ಒಳಹಲ್ಲು ಸವೆದು ಶಾಫ್ಟಿನ ಮೇಲೆ ಜಾರುತ್ತಿದೆಯೇ? ಫುಟ್‌ರೆಸ್ಟ್ ಬಾಗಿ ಕಾಲಿಗೆ ಜಾಗ ಸಾಲದಾಗಿದೆಯೇ? ಇವೆಲ್ಲ ಹೊರಗಿನ ಕೆಲಸ.

ಹಾಗಾದರೆ ಇಂಜಿನ್ ಬಿಚ್ಚಲೇಬೇಕಾದ್ದು ಯಾವಾಗ? ಓಡುವಾಗ ಗೇರು ತಾನಾಗಿ ಜಾರಿ ಹೊರಗೆ ಬಂದರೆ, ಒಂದೇ ಗೇರಿನಲ್ಲಿ ಮಾತ್ರ ಊಳಿಡುವ ಸದ್ದು ಬಂದರೆ, ಇಳಿಸಿದ ಎಣ್ಣೆಯಲ್ಲಿ ಲೋಹದ ಚೂರುಗಳು ಸಿಕ್ಕರೆ. ಹಿಟ್ಟಿನಂಥ ನುಣುಪು ಹೊಳಪು ಸ್ವಲ್ಪ ಇರುವುದು ಸವೆತದ್ದು, ಉಗುರಿನಲ್ಲಿ ಹಿಡಿಯುವಂಥ ಚೂರು ಮಾತ್ರ ಅಪಾಯ. ಆಗ ಇಂಜಿನ್ನನ್ನು ಇಳಿಸಿ ಎರಡು ಹೋಳು ಮಾಡದೆ ಗೇರು ಕೈಗೆ ಸಿಗುವುದಿಲ್ಲ. ಮೆಕ್ಯಾನಿಕ್ಕು "ಬಿಚ್ಚಬೇಕು" ಎಂದಾಗ ಮಾಲೀಕ ಕೇಳಬೇಕಾದ ಪ್ರಶ್ನೆ ಒಂದೇ: "ಸೈಡ್ ಕವರ್ ಬಿಚ್ಚೋದಾ ಅಣ್ಣಾ, ಪೂರ್ತಿ ಇಂಜಿನ್ನಾ?" ಈ ಒಂದು ಪ್ರಶ್ನೆಯಲ್ಲಿ ಖರ್ಚಿನ ದೊಡ್ಡ ವ್ಯತ್ಯಾಸವಿದೆ.

ಎರಡು ಲಕ್ಷಣ, ಒಂದೇ ಕಾರಣ

ಗಾಡಿ ಎಡಕ್ಕೆ ಬಿತ್ತು ಎಂದಿಟ್ಟುಕೊಳ್ಳಿ. ಗೇರ್ ರಾಡು ನೆಲಕ್ಕೆ ಬಡಿದು ಬಾಗಿತು. ಮಾಲೀಕ ರಾಡನ್ನು ಕಲ್ಲಿನಲ್ಲಿ ತಟ್ಟಿ ನೇರ ಮಾಡಿದ. ಆದರೆ ಒಳಗಿನ ಶಾಫ್ಟು ಸ್ವಲ್ಪ ಬಾಗಿಯೇ ಉಳಿಯಿತು. ಬಾಗಿದ ಶಾಫ್ಟು ತಿರುಗುವಾಗ ಬಿಗಿ, ಅದಕ್ಕೇ ಗೇರು ಮೊಂಡು. ಅದೇ ಶಾಫ್ಟು ಸೀಲನ್ನು ಒಂದು ಪಕ್ಕಕ್ಕೆ ಒತ್ತಿ ಸವೆಸುತ್ತದೆ, ಅದಕ್ಕೇ ಸೋರಿಕೆ. ಸೀಲು ಮಾತ್ರ ಬದಲಿಸಿದರೆ ಕೆಲವೇ ದಿನದಲ್ಲಿ ಮತ್ತೆ ಅದೇ ಹಾಡು.

ಇನ್ನೊಂದು, ಚೈನು. ಹಾಲಿನ ಕ್ಯಾನು, ಮಾವಿನ ಕ್ರೇಟು ಹೇರುವ ಗಾಡಿಗೆ "ಟೈಟಾಗಿರಲಿ" ಎಂದು ಚೈನನ್ನು ತಂತಿಯಂತೆ ಬಿಗಿಸುವವರುಂಟು. ಹೊರೆ ಬಿದ್ದು ಹಿಂದಿನ ಸಸ್ಪೆನ್ಷನ್ ಕೂತಾಗ ಅದು ಇನ್ನೂ ಬಿಗಿಯಾಗಿ ಮುಂದಿನ ಸ್ಪ್ರಾಕೆಟ್ಟಿನ ಶಾಫ್ಟನ್ನು ಹಿಂದಕ್ಕೆ ಎಳೆಯುತ್ತದೆ. ಬೇರಿಂಗು ಸವೆಯುತ್ತದೆ, ಸೀಲು ಹರಿಯುತ್ತದೆ, ಗೇರು ಒರಟಾಗುತ್ತದೆ. ತೀರಾ ಸಡಿಲ ಬಿಟ್ಟರೂ ಪ್ರತಿ ಗೇರಿಗೂ ಎಳೆತ, ಬಡಿತ. ಸಾಮಾನ್ಯ ಗಾಡಿಗೆ ಚೈನಿನ ನಡುವೆ ಎರಡರಿಂದ ಮೂರು ಸೆಂಟಿಮೀಟರ್ ಮೇಲೆ ಕೆಳಗೆ ಆಡುವಷ್ಟು ಜಾಗ ಬೇಕು. ನಿಖರ ಅಳತೆ ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿದೆ. ಆ ಪುಸ್ತಕ ಬೀರುವಿನಲ್ಲಿ ಹಾಗೇ ಇರುತ್ತದೆ, ಬಿಚ್ಚಿ ನೋಡಿದವರು ಕಡಿಮೆ.

ಮೂರನೆಯದು ಎಲ್ಲಕ್ಕಿಂತ ಸಾಮಾನ್ಯ. ಎಣ್ಣೆ ಸೋರಿ ಮಟ್ಟ ಇಳಿಯಿತು, ಉಳಿದದ್ದು ಕಾದು ಕೆಟ್ಟಿತು, ಗೇರು ಒರಟಾಯಿತು. ಇಲ್ಲಿ ಮೊಂಡು ಗೇರು ಕೊಡುತ್ತಿರುವುದು ಎಚ್ಚರಿಕೆಯ ಗಂಟೆ. ಇದನ್ನು ಕೇಳದೆ ಕೋಲಾರದಿಂದ ಬೆಂಗಳೂರಿಗೆ ಹೆದ್ದಾರಿ ಹಿಡಿದರೆ ಪಿಸ್ಟನ್ನು ಕಚ್ಚಿಕೊಂಡು ಇಂಜಿನ್ ಸೀಜ್ ಆಗಬಹುದು. ಸ್ಪ್ರಾಕೆಟ್ಟಿನ ಹತ್ತಿರದ ಸೋರಿಕೆ ಚೈನಿನ ಜೊತೆ ಹಿಂದಿನ ಟೈರಿಗೆ ಹೋಗಿ ಹತ್ತಿದರೆ ಇನ್ನೂ ಕೆಟ್ಟದ್ದು. ತಿರುವಿನಲ್ಲಿ ಚಕ್ರ ಜಾರಿದರೆ ಹಿಂದೆ ಬರುತ್ತಿರುವ ಲಾರಿಗೆ ಗಾಡಿಯ ಕತೆ ಗೊತ್ತಿರುವುದಿಲ್ಲ. ಹಿಂದಿನ ಟೈರು ಒದ್ದೆಯಾಗಿ ಕಂಡ ದಿನ ಬಸ್ಸು ಹತ್ತುವುದೇ ಕ್ಷೇಮ.

ಡಬ್ಬಿಯ ಮೇಲಿನ ಎರಡಕ್ಷರ

ಆಯಿಲ್ ಡಬ್ಬಿಯ ಹಿಂದೆ ಸಣ್ಣದಾಗಿ 'ಜಾಸೋ' ಎಂದು ಬರೆದು ಪಕ್ಕದಲ್ಲಿ 'ಎಂಎ' ಅಥವಾ 'ಎಂಬಿ' ಎಂದಿರುತ್ತದೆ. ಇದು ಜಪಾನಿನವರ ಅಳತೆ. ಎಂಎ ಎಂದರೆ ಎಣ್ಣೆಯಲ್ಲೇ ಮುಳುಗಿರುವ ಕ್ಲಚ್ಚಿನ ಮೋಟಾರು ಸೈಕಲ್ಲಿಗೆ. ಎಂಬಿ ಎಂದರೆ ಹೆಚ್ಚು ಜಾರುವ ಎಣ್ಣೆ, ಆಕ್ಟಿವಾದಂಥ ಗೇರಿಲ್ಲದ ಸ್ಕೂಟರಿಗೆ. ಅವುಗಳ ಕ್ಲಚ್ಚು ಎಣ್ಣೆಯಲ್ಲಿರುವುದಿಲ್ಲ. ಸ್ಕೂಟರಿನ ಎಣ್ಣೆಯನ್ನೋ, ಉಳಿತಾಯವೆಂದು ಕಾರಿನ ಎಣ್ಣೆಯನ್ನೋ ಬೈಕಿಗೆ ಸುರಿದರೆ ಕ್ಲಚ್ ಪ್ಲೇಟು ಜಾರಲು ಶುರುವಾಗಬಹುದು. ಮನೆಯಲ್ಲಿ ಹೆಂಡತಿಗೊಂದು ಸ್ಕೂಟರು, ಗಂಡನಿಗೊಂದು ಬೈಕು ಇರುವ ಕಡೆ ಒಂದೇ ಡಬ್ಬಿಯಲ್ಲಿ ಎರಡಕ್ಕೂ ಬಡಿಸುವವರು ಇದನ್ನು ಗಮನಿಸಬೇಕು. 10ಡಬ್ಲ್ಯು-30 ಇರಲಿ, 20ಡಬ್ಲ್ಯು-40 ಇರಲಿ, ಗಾಡಿಯ ಪುಸ್ತಕ ಹೇಳಿದ ಗ್ರೇಡೇ ಗಾಡಿಗೆ ಸರಿ. ಗಟ್ಟಿ ಎಣ್ಣೆ ಹಾಕಿದರೆ ಸೋರಿಕೆ ನಿಲ್ಲುತ್ತದೆ ಎಂಬುದು ಹರಿದ ಚೀಲಕ್ಕೆ ದಪ್ಪ ಅಕ್ಕಿ ತುಂಬಿದ ಹಾಗೆ.

ಇಳಿಸಿದ ಎಣ್ಣೆ ಎಲ್ಲಿಗೆ?

ಷೆಡ್ಡಿನಲ್ಲಿ ಇಳಿಸಿದ ಕಪ್ಪು ಎಣ್ಣೆಯಲ್ಲಿ ಒಂದಷ್ಟು ಸೆಂಟ್ರಿಂಗ್ ಹಲಗೆಗೆ ಬಳಿಯಲು ಹೋಗುತ್ತದೆ, ಉಳಿದದ್ದು ಎಷ್ಟೋ ಕಡೆ ಚರಂಡಿಗೆ. 2016ರ ಕೇಂದ್ರ ಸರ್ಕಾರದ ನಿಯಮಗಳ ಪ್ರಕಾರ ಬಳಸಿದ ಇಂಜಿನ್ ಆಯಿಲ್ ಅಪಾಯಕಾರಿ ತ್ಯಾಜ್ಯ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ಇದು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ತಂದು ಕೆರೆ ತುಂಬಿಸಿಕೊಳ್ಳುತ್ತಿರುವ ಸೀಮೆ. ಅಂಥ ಕೆರೆಯ ಕಡೆ ಹರಿಯುವ ಚರಂಡಿಗೆ ಎಣ್ಣೆ ಸುರಿಯುವುದು ಎಂಥ ಬುದ್ಧಿ? ಹಳೆ ಎಣ್ಣೆಯನ್ನು ಕ್ಯಾನಿನಲ್ಲಿ ಕೂಡಿಟ್ಟು ಅಧಿಕೃತವಾಗಿ ಸಂಗ್ರಹಿಸುವವರಿಗೆ ಕೊಡುವ ಷೆಡ್ಡಿಗೇ ಗಾಡಿ ಬಿಡುವುದಾಗಿ ಗಿರಾಕಿಗಳು ಹಟ ಹಿಡಿದರೆ ಷೆಡ್ಡಿನವರೂ ಕೇಳುತ್ತಾರೆ. ಅಂಗಡಿ ಮುಂದೆ ಸೋರುವ ಗಾಡಿ ನಿಲ್ಲಿಸಿ ಹೋಗುವವರಿಗೂ ಇದೇ ಮಾತು. ಆ ಕಲೆಯ ಮೇಲೆ ಕಾಲಿಟ್ಟು ಜಾರುವುದು ಯಾರದೋ ಮನೆಯ ಅಜ್ಜಿ.

ಷೆಡ್ಡಿಗೆ ಹೋಗುವ ಮುಂಚೆ ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದುಕೊಳ್ಳಿ. ಎಣ್ಣೆ ಎಡಗಡೆಯೋ ಬಲಗಡೆಯೋ. ಓಡುವಾಗ ಸೋರುತ್ತದೋ ನಿಂತಾಗಲೋ. ಗೇರು ಇಂಜಿನ್ ಆಫ್ ಇದ್ದಾಗಲೂ ಮೊಂಡೋ, ಆನ್ ಇದ್ದಾಗ ಮಾತ್ರವೋ. ಕೊನೆಯ ಸಲ ಆಯಿಲ್ ಬದಲಿಸಿದ್ದು ಎಷ್ಟು ಕಿಲೋಮೀಟರಿಗೆ, ಯಾವ ಆಯಿಲ್ಲು. ಈ ಚೀಟಿ ಕೈಗಿಟ್ಟರೆ ಒಳ್ಳೆ ಮೆಕ್ಯಾನಿಕ್ಕು ಖುಷಿಪಡುತ್ತಾನೆ, ಅವನ ಅರ್ಧ ದಿನ ಉಳಿಯಿತು. ಕೈಚಳಕದವನು ಮಾತ್ರ ಸ್ವಲ್ಪ ಮುಖ ಸಣ್ಣ ಮಾಡಿಕೊಳ್ಳುತ್ತಾನೆ. ಗಾಡಿ ಯಾರ ಕೈಗೆ ಕೊಡಬಾರದು ಎಂಬುದು ಅಲ್ಲೇ ಗೊತ್ತಾಗಿಹೋಗುತ್ತದೆ.